ಗಾಡಿಗೆ ಕೀ ಕಲಿಸಿದ ಜುಂಜಣ್ಣ

ಹತ್ರ ಬನ್ನಿ, ಕೂತ್ಕೊಳ್ಳಿ. ನಗು ಬಂದ್ರೆ ನಗಿ, ಆದ್ರೆ ಈರಕ್ಕನ ಮುಂದೆ ಮಾತ್ರ ನಗ್ಬೇಡಿ. ಪಾಪ, ಅವಳ ಹೊಟ್ಟೆ ಉರಿ ಅವಳಿಗೇ ಗೊತ್ತು.

ಸಿರಾ ಕಡೆ ಹೆದ್ದಾರಿ ಪಕ್ಕದಲ್ಲಿ ಈರಕ್ಕಂದು ಇಡ್ಲಿ ಅಂಗಡಿ. ಅವಳಿಗೆ ಒಬ್ಬನೇ ಮಗ, ಜುಂಜಣ್ಣ. ಆಳು ನೋಡಿದ್ರೆ ಬಾಗಿಲು ತುಂಬ, ಮೀಸೆ ಮುಖ ತುಂಬ. ಒಳಗೆ ಮಾತ್ರ ಗಾಳಿ! ಸುಳ್ಳು ಗೊತ್ತಿಲ್ಲ, ಕಳ್ಳತನ ಗೊತ್ತಿಲ್ಲ, ಸೋಮಾರಿ ಅಲ್ಲ. ಹೇಳಿದ್ದು ಮಾಡ್ತಾನೆ. ಅದೇ ತೊಂದರೆ. ಹೇಳಿದ್ದನ್ನೇ ಮಾಡ್ತಾನೆ!

ಒಂದಿನ ಈರಕ್ಕ ಅಂದ್ಲು, "ಮಗಾ, ನಾನು ನೀರು ತರ್ತೀನಿ. ಗಿರಾಕಿಗಳನ್ನ ಸ್ವಲ್ಪ ನೋಡ್ಕೊ."

ನೋಡ್ಕೊಂಡ. ಬೆಂಚಿನ ಮುಂದೆ ನಿಂತು, ಸೊಂಟದ ಮೇಲೆ ಕೈ ಇಟ್ಕೊಂಡು, ರೆಪ್ಪೆ ಬಡೀದೆ ಒಬ್ಬೊಬ್ಬರನ್ನೇ ನೋಡ್ದ. ತುತ್ತು ಎತ್ತಿದೋರು ಇಳಿಸಿದ್ರು. ಇಳಿಸಿದೋರು ಎದ್ರು. ಎದ್ದೋರು ಹೋದ್ರು. ಈರಕ್ಕ ಕೊಡ ಹೊತ್ಕೊಂಡು ಬಂದ್ರೆ ಅಂಗಡಿ ಖಾಲಿ!

"ಎಲ್ಲೋ ಜನ?"

"ನೋಡಿ ಮುಗೀತಮ್ಮ, ಹೋದ್ರು!"

ಈರಕ್ಕ ಕೊಡ ಇಳಿಸಿದವಳೇ ಸೀದಾ ಎದುರುಗಡೆ ಗ್ಯಾರೇಜಿಗೆ ಹೋದ್ಲು. ಅಲ್ಲಿ ಮೇಸ್ತ್ರಿ ದಸ್ತಗೀರ್ ಸಾಬ್ರು. ಒಳ್ಳೆ ಮನುಷ್ಯ. ಕೋಪ ಬಂದ್ರೆ ಸ್ಪ್ಯಾನರ್ ಎಸೀತಾರೆ, ಆಮೇಲೆ ತಾವೇ ಹೋಗಿ ಹುಡುಕ್ಕೊಂಡು ಬರ್ತಾರೆ.

"ಸಾಬ್ರೇ, ನನ್ನ ಮಗನಿಗೆ ಒಂದು ಕಸುಬು ಕಲಿಸಿ. ನಾನಿರೋ ತನಕ ಇಡ್ಲಿ ಹಾಕ್ತೀನಿ. ನಾನಿಲ್ದೆ ಇದ್ರೆ ಇವನ್ನ ಯಾರು ನೋಡ್ತಾರೆ?" ಅಂತ ಸೆರಗಲ್ಲಿ ಕಣ್ಣೊರೆಸ್ಕೊಂಡ್ಲು.

ಸಾಬ್ರ ಮನಸ್ಸು ಕರಗ್ತು. "ಆಯ್ತು ಈರಕ್ಕ, ಕಳ್ಸು. ಈ ಒಂದು ವಾರ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ನನ್ನ ಬೈಕೋಬಾರ್ದು."

ಆ ವಾರಾನೇ ಬಂತು ನೋಡಿ, ವಾಲಗದ ತಿಮ್ರಾಯಪ್ನೋರ ಕಾರು.

ತಿಮ್ರಾಯಪ್ನೋರು ನಾಗಸ್ವರ ಹಿಡಿದ್ರೆ ಮದುವೆ ಮನೇಲಿ ಅಡುಗೆಯೋರೂ ಸೌಟು ಇಟ್ಟು ಕೇಳ್ತಾರೆ. ಇಷ್ಟು ದಿನ ಬಸ್ಸಲ್ಲಿ ಓಡಾಡಿ ಸಾಕಾಗಿ, ಯಾರೋ ಓಡಿಸಿದ್ದ ಕಾರೊಂದು ಕೊಂಡ್ಕೊಂಡಿದ್ರು. ಅದಕ್ಕೆ ಬೀಗದ ಕೈ ತಿರುಗಿಸೋ ಹಾಗೇ ಇಲ್ಲ! ಕೀ ಜೇಬಲ್ಲಿದ್ರೆ ಸಾಕು, ಹತ್ರ ಹೋದ್ರೆ ಟಿಣ್ ಅಂತ ಬಾಗಿಲು ಬಿಡುತ್ತೆ. ದೂರ ಹೋದ್ರೆ ಟಿಣ್ ಅಂತ ಹಾಕ್ಕೊಳುತ್ತೆ. ಬಿಡ್ಬೇಕು, ಹಾಕ್ಕೋಬೇಕು. ಆದ್ರೆ ಇದು ಮನಸ್ಸು ಬಂದ್ರೆ ಬಿಡ್ತಿತ್ತು, ಇಲ್ದಿದ್ರೆ ಇಲ್ಲ.

"ಸಾಬ್ರೇ, ಶುಕ್ರವಾರ ಊರಾಚೆ ಛತ್ರದಲ್ಲಿ ನನ್ನ ತಂಗಿ ಮಗಳ ಮದುವೆ. ನನ್ನ ವಾಲಗ ಇಲ್ದೆ ತಾಳಿ ಕಟ್ಟಿಸ್ಕೊಳಲ್ಲ ಅಂತ ಆ ಹುಡುಗಿ ಹಟ ಹಿಡಿದಿದೆ. ಡೋಲು, ಶ್ರುತಿಪೆಟ್ಟಿಗೆ, ನಮ್ಮ ತಂಡ, ಎಲ್ಲಾ ಇದ್ರಲ್ಲೇ ಹೋಗ್ಬೇಕು. ಅಷ್ಟರಲ್ಲಿ ಸರಿ ಮಾಡ್ಕೊಡಿ!"

ಸಾಬ್ರು ಅತ್ಲಾಗೆ ಇತ್ಲಾಗೆ ನೋಡಿದ್ರು. "ಗಾಡಿ ಕೀನ ಗುರುತು ಹಿಡೀತಿಲ್ಲ. ಲೋ ಜುಂಜಾ! ಈ ಕೀ ತಗೊಂಡು ಗಾಡಿ ಹತ್ರ ಹೋಗು. ಗುರುತು ಹಿಡಿಯುತ್ತಾ ನೋಡು."

ಜುಂಜಣ್ಣ ಹೋದ. ಕೀನ ಅಂಗೈ ಮೇಲಿಟ್ಟು ಗಾಡಿ ಮೂತಿ ಮುಂದೆ ಹಿಡಿದ.

"ಗೊತ್ತಾಗ್ಲಿಲ್ವಾ? ಇದು ನಿನ್ನ ಕೀ! ಸರಿಯಾಗ್ ನೋಡು. ತಿಮ್ರಾಯಪ್ನೋರ ಮನೇದು. ನೀವಿಬ್ರೂ ಒಟ್ಟಿಗೇ ಹುಟ್ಟಿದೋರಂತೆ!"

ಗಾಡಿ ಸುಮ್ನಿತ್ತು.

"ಮೇಸ್ತ್ರೀ, ಇದಕ್ಕೆ ಕಣ್ಣು ಮಂಜಾಗಿದೆ!"

ಸಾಬ್ರು ಸ್ಪ್ಯಾನರ್ ಎಸೆದ್ರು. "ಬಾಯಲ್ಲಿ ಪರಿಚಯ ಮಾಡಿಸಿದ್ರೆ ಆಗುತ್ತೇನೋ! ಕೀ ಒಳಗಿಂದ ಸಿಗ್ನಲ್ ಬರುತ್ತೆ. ಕೀ ಹಿಡ್ಕೊಂಡು ಹಂಗೇ ನಡ್ಕೊಂಡು ಹೋಗು. ಎಲ್ಲಿ ಸಿಗ್ನಲ್ ಸಿಗುತ್ತೋ ಅಲ್ಲಿ ನಿಂತ್ಕೊಂಡು ನಂಗೆ ಹೇಳು."

ಜುಂಜಣ್ಣ ನಡೆದ. ಗ್ಯಾರೇಜ್ ದಾಟಿದ. ಪೆಟ್ರೋಲ್ ಬಂಕ್ ದಾಟಿದ. ಸಂತೆಮಾಳ ದಾಟಿದ. ಊರ ನಡುವೆ ಸರ್ಕಲ್ ಬಂತು. ಸರ್ಕಲ್ಲಲ್ಲಿ ಕಂಬ. ಕಂಬದಲ್ಲಿ ಕೆಂಪು, ಹಳದಿ, ಹಸಿರು!

"ಸಿಕ್ತು!" ಅಂತ ರಸ್ತೆ ಮಧ್ಯ ನಿಂತ್ಕೊಂಡ. "ಮೇಸ್ತ್ರೀ! ಸಿಗ್ನಲ್ ಸಿಕ್ತು!"

ಲಾರಿ ನಿಂತ್ವು. ಬಸ್ ನಿಂತ್ವು. ಟ್ರಾಫಿಕ್ ಪೊಲೀಸಪ್ಪ ಶಿಳ್ಳೆ ಊದಿ ಊದಿ ಸುಸ್ತಾದ. "ಆ ಕಡೆ ಹೋಗಯ್ಯ!"

"ಇಲ್ಲ ಸಾರ್! ಸಿಕ್ಕಿದ ಕಡೆ ನಿಂತ್ಕೊ ಅಂದಿದಾರೆ!"

ಕೊನೆಗೆ ಸಾಬ್ರೇ ಸ್ಕೂಟರಲ್ಲಿ ಬಂದು ಕಿವಿ ಹಿಡಿದು ಕರ್ಕೊಂಡು ಹೋದ್ರು. ಸಂಜೆ ಈರಕ್ಕ ವಿಷಯ ಕೇಳಿ ಹಣೆ ಹಣೆ ಚಚ್ಕೊಂಡ್ಲು.

"ಅಯ್ಯೋ ನನ್ನ ಕರ್ಮವೇ! ಪರರ ಕೀ ಹಿಡ್ಕೊಂಡು ಊರು ಸುತ್ತುತಾರೇನೋ? ಕೀನ ಗಾಡಿ ಒಳಗೆ ಭದ್ರವಾಗಿ ಇಡ್ಬೇಕು! ಬಾಗಿಲು ಹಾಕ್ಬೇಕು! ಅಲ್ಲೇ ನಿಂತ್ಕೋಬೇಕು!"

"ಸರಿಯಮ್ಮ. ಇನ್ಮೇಲೆ ಹಂಗೇ ಮಾಡ್ತೀನಿ."

ರಾತ್ರಿ ಮನೆಗೆ ಒಯ್ದಿದ್ದ ಕಾರನ್ನ ಮಾರನೇ ದಿನ ತಿಮ್ರಾಯಪ್ನೋರು ಮತ್ತೆ ತಂದ್ರು. ಅಪ್ಪನ ಕಾಲದ ನಾಗಸ್ವರಾನ ಮಗು ಥರ ರೇಷ್ಮೆ ಬಟ್ಟೇಲಿ ಸುತ್ತಿ ಹಿಂದಿನ ಸೀಟಲ್ಲಿ ಮಲಗಿಸಿ, ಕೀನ ಜುಂಜಣ್ಣನ ಕೈಗೆ ಕೊಟ್ಟು, "ಒಂದು ಟೀ ಕುಡ್ದು ಬರ್ತೀನಿ" ಅಂತ ಹೋದ್ರು.

ಜುಂಜಣ್ಣ ಕೀನ ಒಳಗಿಟ್ಟ. ಭದ್ರವಾಗಿ ಇಟ್ಟ. ಬಾಗಿಲು ಹಾಕ್ದ. ಟಿಣ್! ಅಲ್ಲೇ ನಿಂತ್ಕೊಂಡ.

ತಿಮ್ರಾಯಪ್ನೋರು ಬಂದು ಎಳೆದ್ರು. ಬಾಗಿಲು ಬರ್ಲಿಲ್ಲ.

"ಕೀ ಎಲ್ಲಪ್ಪಾ?"

"ಒಳಗೆ!"

"ನನ್ನ ನಾಗಸ್ವರ?"

"ಅದೂ ಒಳಗೆ! ಎರಡೂ ಭದ್ರ!"

ತಿಮ್ರಾಯಪ್ನೋರು ಗಾಜಿಗೆ ಮುಖ ಒತ್ತಿ ಅಳೋದೊಂದು ಬಾಕಿ. ಸಾಬ್ರು ಓಡಿ ಬಂದ್ರು. ಬಂದೋರು ಬೈಯಕ್ಕೆ ಬಾಯಿ ತೆಗೆದು ಹಂಗೇ ನಿಂತ್ರು.

"ಅರೆ! ಕೀ ಒಳಗಿದ್ರೆ ಇದು ಹಾಕ್ಕೋಬಾರ್ದು! ಕೀ ಒಳಗೈತೆ ಅಂತ ಒಂದು ಕಡೆ ಗೊತ್ತಾಗಿ, ಬಾಗಿಲಿನ ಕಡೆಗೆ ಆ ಸುದ್ದಿ ಮುಟ್ಟಿಲ್ಲ. ತೊಂದರೆ ಕೀದಲ್ಲ, ಒಳಗಿಂದು!"

ಗಾಜಿನ ಸಂದೀಲಿ ತಂತಿ ಇಳಿಸಿ, ಮೈಯೆಲ್ಲ ಬೆವತು, ಅಂತೂ ಬಾಗಿಲು ತೆಗೆದ್ರು. ಆಮೇಲೆ ಬೈಗುಳ ನೆನಪಾಯ್ತು.

"ಲೋ ಜುಂಜಾ! ಗ್ಯಾರೇಜಿಗೆ ಬಂದ ಗಾಡಿ ಬಾಗಿಲು ಹಾಕ್ಬೇಡ! ಯಾವ್ದೇ ಗಾಡಿ ಬರ್ಲಿ, ಬಾಗಿಲು ತೆಗೆದಿಡು! ಅರ್ಥ ಆಯ್ತಾ?"

"ಆಯ್ತು ಮೇಸ್ತ್ರಿ. ಇನ್ಮೇಲೆ ಹಂಗೇ ಮಾಡ್ತೀನಿ."

ಆಮೇಲೆ ಬಂತು ಕೋಳಿ ವ್ಯಾನು. ಬ್ರೇಕ್ ಸರಿ ಇರ್ಲಿಲ್ಲ. ಡ್ರೈವರ್ ಇಳಿದು ಸಾಬ್ರ ಹತ್ರ ಮಾತಾಡ್ತಾ ನಿಂತ. ಜುಂಜಣ್ಣ ಹಿಂದೆ ಹೋಗಿ ಚಿಲಕ ಸರಿಸಿ ಬಾಗಿಲು ತೆಗೆದಿಟ್ಟ.

ಕೊಕ್ಕೊಕ್ಕೋ! ಗ್ಯಾರೇಜ್ ತುಂಬ ಕೋಳಿ. ಜಾಕಿನ ಮೇಲೆ ಕೋಳಿ, ಟೈರೊಳಗೆ ಕೋಳಿ, ಆಯಿಲ್ ಡಬ್ಬದಲ್ಲಿ ಕಾಲಿಟ್ಟು ಹೆಜ್ಜೆ ಹೆಜ್ಜೆಗೂ ಜಾರಿ ಬೀಳೋ ಕೋಳಿ. ಒಂದು ಹುಂಜ ಸಾಬ್ರ ಟೋಪಿ ಮೇಲೇ ಕೂತು ಕೂಗ್ತು. ಡ್ರೈವರ್ ಅತ್ತ ಓಡ್ದ, ಸಾಬ್ರು ಇತ್ತ ಓಡಿದ್ರು, ಈರಕ್ಕ ಸೌಟು ಹಿಡ್ಕೊಂಡೇ ರಸ್ತೆ ದಾಟಿ ಓಡಿ ಬಂದ್ಲು. ಜುಂಜಣ್ಣ ಮಾತ್ರ ಬಾಗಿಲು ಹಿಡ್ಕೊಂಡು ನಿಂತಿದ್ದ, ಅದು ಎಲ್ಲಿ ಹಾಕ್ಕೊಂಡು ಬಿಡುತ್ತೋ ಅಂತ!

ಎಲ್ಲಾ ಹಿಡಿದ ಮೇಲೆ ಈರಕ್ಕ ಕೆದರಿದ ಕೂದಲಿಂದ ಪುಕ್ಕ ಕಿತ್ಕೊಳ್ತಾ ಅಂದ್ಲು, "ದಡ್ಡಾ! ಗಾಡಿ ಒಳಗೆ ಜೀವ ಇದೆಯಾ ಅಂತ ಮೊದ್ಲು ನೋಡ್ಬೇಕು! ಇದ್ರೆ ಕಾಲು ಕಟ್ಟಬೇಕು! ಮೇಲೆ ಮಂಕರಿ ಬುಟ್ಟಿ ಕವುಚಬೇಕು! ಆಮೇಲೆ ಬೇಕಾದ್ರೆ ಬಾಗಿಲು ತೆಗಿ!"

"ಸರಿಯಮ್ಮ. ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ಸಾಬ್ರು ತುಮಕೂರಿಂದ ಸ್ಕ್ಯಾನರ್ ತರಿಸಿದ್ರು. ಗಾಡಿ ಹೊಟ್ಟೇಲಿ ಏನಿದೆ ಅಂತ ಹೇಳೋ ಯಂತ್ರ ಅದು. ವೈರ್ ಸಿಕ್ಕಿಸಿ ಲ್ಯಾಪ್‌ಟಾಪ್ ಮುಂದೆ ಕೂತ್ರು. ತಿಮ್ರಾಯಪ್ನೋರು ಕಾದೂ ಕಾದೂ, ಹಿಂದಿನ ಸೀಟಲ್ಲಿ ಒರಗಿ ನಿದ್ದೆ ಹೋದ್ರು. ಬಾಯಿ ತೆರೆದು ಗೊರಕೆ.

ಜುಂಜಣ್ಣ ಬಗ್ಗಿ ನೋಡ್ದ. ಒಳಗೆ ಜೀವ ಇದೆ!

ಹಗ್ಗ ತಂದ. ಕಾಲು ಕಟ್ದ. ಗಂಟು ಎಳೆದು ನೋಡ್ದ, ಗಟ್ಟಿಯಾಗಿದೆ. ಈರಕ್ಕನ ಅಂಗಡಿಯಿಂದ ಮಂಕರಿ ತಂದು ತಲೆ ಮೇಲೆ ಕವುಚಿದ. ಆಮೇಲೆ ಬಾಗಿಲು ತೆಗೆದ.

ತಿಮ್ರಾಯಪ್ನೋರಿಗೆ ಎಚ್ಚರ ಆಯ್ತು. ಕಣ್ಣು ಬಿಟ್ರೆ ಕತ್ತಲೆ! ಏಳಕ್ಕೆ ಹೋದ್ರೆ ಕಾಲಿಲ್ಲ! "ಅಯ್ಯಯ್ಯೋ! ಯಾರೋ ಹೊತ್ಕೊಂಡ್ ಹೋಗ್ತಿದಾರೆ ನನ್ನ!" ಅಂತ ಮಂಕರಿ ಸಮೇತ ನೆಲಕ್ಕೆ ಉರುಳಿದ್ರು.

"ಸಾಬ್ರೇ, ನಿಮ್ಮನ್ನ ನಂಬಿ ಗಾಡಿ ಬಿಟ್ರೆ ನನ್ನ ಮೂಟೆ ಕಟ್ತೀರಾ!"

"ನಾನೇನು ಮಾಡ್ದೆ ತಿಮ್ರಾಯಣ್ಣ? ನಿದ್ದೆ ಮಾಡಕ್ಕೆ ಇದೇನು ಛತ್ರಾನಾ!"

ಮಾತಿಗೆ ಮಾತು ಬೆಳೀತು. ಇವರು ಅವರ ಶಲ್ಯ ಹಿಡಿದ್ರು. ಅವರು ಇವರ ಕಾಲರ್ ಹಿಡಿದ್ರು. ಜುಂಜಣ್ಣ ಪಕ್ಕದಲ್ಲೇ ನಿಂತು ಕಡ್ಲೆಕಾಯಿ ಬಿಡಿಸ್ತಿದ್ದ. ಈರಕ್ಕ ಓಡಿ ಬಂದು ಇಬ್ಬರ ಮಧ್ಯ ನುಗ್ಗಿದ್ಲು, ತಿಮ್ರಾಯಪ್ನೋರನ್ನ ತನ್ನ ಅಂಗಡಿಗೆ ಕರ್ಕೊಂಡು ಹೋಗಿ, ಮಣೆ ಹಾಕಿ ಕೂರಿಸಿ ನೀರು ಕೊಟ್ಲು. ಆಮೇಲೆ ಮಗನ ಕಡೆ ತಿರುಗಿದ್ಲು.

"ಜಗಳ ಆಗ್ತಿದ್ರೆ ನಿಂತು ನೋಡ್ತಾರೇನೋ? ಬಿಡಿಸ್ಬೇಕು! ಒಬ್ಬರನ್ನ ಅಲ್ಲೇ ಬಿಡ್ಬೇಕು, ಇನ್ನೊಬ್ಬರನ್ನ ಮನೆಗೆ ಕರ್ಕೊಂಡ್ ಬರ್ಬೇಕು! ಮಣೆ ಹಾಕ್ಬೇಕು! ನೀರು ಕೊಡ್ಬೇಕು!"

"ಸರಿಯಮ್ಮ. ಇನ್ಮೇಲೆ ಹಂಗೇ ಮಾಡ್ತೀನಿ."

ಗುರುವಾರ ಬೆಳಗ್ಗೆ ಸಾಬ್ರು ಲ್ಯಾಪ್‌ಟಾಪ್ ನೋಡ್ತಾ ನೋಡ್ತಾ ತೊಡೆ ತಟ್ಕೊಂಡು ಎದ್ರು. "ಸಿಕ್ತು! ಕಳ್ಳ ಸಿಕ್ದ! ತಿಮ್ರಾಯಣ್ಣ, ಬನ್ನಿ ಇಲ್ಲಿ."

ಕಾಲರ್ ಹಿಡಿದಿದ್ದು ಇಬ್ರೂ ಮರೆತಿದ್ರು.

"ನೋಡಿ, ಈ ಗಾಡೀಲಿ ಎರಡು ಪೆಟ್ಟಿಗೆ ಇರುತ್ತೆ. ಸೀಟಿನ ಕೆಳಗಿಂದು ಕೀ ಬಂತಾ ಅಂತ ಕೇಳಿಸ್ಕೊಳುತ್ತೆ. ಸ್ಟೇರಿಂಗ್ ಕೆಳಗಿಂದು ಬಾಗಿಲು ಬಿಡುತ್ತೆ. ನಿಮಗೆ ಮಾರಿದೋರು ಯಾರೋ ಸೀಟಿನ ಕೆಳಗೆ ಬೇರೆ ಗಾಡಿ ಪೆಟ್ಟಿಗೆ ತಂದು ಹಾಕಿದಾರೆ. ಮೇಲೆ ನೋಡಕ್ಕೆ ಎರಡೂ ಸರೀನೇ. ಒಳಗಿನ ಸಾಫ್ಟ್‌ವೇರ್ ಒಂದರದ್ದು ಹೊಸಾದು, ಇನ್ನೊಂದರದ್ದು ಹಳೇದು. ಇದು ಹೇಳಿದ್ದು ಅದಕ್ಕೆ ಒಂದ್ಸಲ ತಿಳಿಯುತ್ತೆ, ಒಂದ್ಸಲ ತಿಳಿಯಲ್ಲ. ಒಂದು ಮನೇಲಿರೋ ಅತ್ತೆ ಸೊಸೆ ಜಗಳ, ಅಷ್ಟೇ!"

"ಹಂಗಾದ್ರೆ ಪೆಟ್ಟಿಗೆ ಬದಲಾಯಿಸ್ಬೇಕಾ?"

"ಬೇಡ. ಎರಡಕ್ಕೂ ಒಂದೇ ಸಾಫ್ಟ್‌ವೇರ್ ಹಾಕಿದ್ರೆ ಹೊಂದ್ಕೊಳುತ್ತೆ. ಊಟ ಮಾಡ್ಕೊಂಡು ಬಂದು ಹಾಕ್ತೀನಿ."

ಇಬ್ರೂ ಊಟಕ್ಕೆ ಹೋದ್ರು. ಜುಂಜಣ್ಣ ಒಬ್ಬನೇ ಉಳಿದ. ಕಾರ್ ಪಕ್ಕ ಕುಕ್ಕರಗಾಲಲ್ಲಿ ಕೂತು ಯೋಚ್ನೆ ಮಾಡ್ದ. ಪಾಪ, ಒಳಗೆ ಅತ್ತೆ ಸೊಸೆ ಹೊಡೆದಾಡ್ತಿದಾರೆ. ಇವರು ನೋಡಿದ್ರೆ ಊಟಕ್ಕೆ ಹೋದ್ರು!

ಸೀಟ್ ಕೆಳಗೆ ಕೈ ಹಾಕ್ದ. ವೈರ್ ಬಿಡಿಸ್ದ. "ಬಾ ತಾಯಿ, ಸ್ವಲ್ಪ ದಿನ ನಮ್ಮನೇಲಿರು" ಅಂತ ಪೆಟ್ಟಿಗೇನ ಎರಡೂ ಕೈಲಿ ಎತ್ಕೊಂಡು ರಸ್ತೆ ದಾಟಿದ.

ಸಾಬ್ರು ತೇಗ್ತಾ ಬಂದು ಲ್ಯಾಪ್‌ಟಾಪ್ ಮುಂದೆ ಕೂತ್ರು. ಲ್ಯಾಪ್‌ಟಾಪ್ ಅಂತು, ಪೆಟ್ಟಿಗೆ ಕಾಣ್ತಿಲ್ಲ! ಬಗ್ಗಿ ನೋಡಿದ್ರೆ ನಿಜವಾಗ್ಲೂ ಕಾಣ್ತಿಲ್ಲ! ಸೀಟ್ ಕೆಳಗೆ ಬರೀ ವೈರ್ ಬಾಯಿ ಬಿಟ್ಕೊಂಡಿದೆ.

"ಯಾ ಅಲ್ಲಾ! ಪೆಟ್ಟಿಗೆ ಕಳ್ಳತನ ಆಯ್ತು!"

ತಿಮ್ರಾಯಪ್ನೋರು ತಾವೇ ಸೀಟ್ ಕೆಳಗೆ ಕೈ ಹಾಕಿ ತಡಕಾಡಿದ್ರು. "ನಾಳೆ ಮುಹೂರ್ತ! ಆ ಹುಡುಗಿಗೆ ನಾನು ಏನಂತ ಹೇಳ್ಲಿ!"

ಅಷ್ಟರಲ್ಲಿ ರಸ್ತೆ ಆಚೆಯಿಂದ ಈರಕ್ಕನ ಕಿರುಚಾಟ. ಎಲ್ಲಾ ಓಡಿ ಹೋಗಿ ನೋಡಿದ್ರೆ ಅಡುಗೆಮನೆ ಮಧ್ಯ ಮಣೆ. ಮಣೆ ಮೇಲೆ ಪೆಟ್ಟಿಗೆ. ಪೆಟ್ಟಿಗೆ ಮುಂದೆ ಜುಂಜಣ್ಣ, ಚೊಂಬು ಎತ್ತಿ ಹಿಡಿದಿದಾನೆ. ಈರಕ್ಕ ಆ ಕೈ ಹಿಡ್ಕೊಂಡು ಜೋತು ಬಿದ್ದಿದಾಳೆ.

"ಬಿಡಮ್ಮಾ! ದಣಿದು ಬಂದಿದಾಳೆ, ಒಂದು ಗುಟುಕು ಕುಡೀಲಿ!"

"ಸಾಬ್ರೇ, ಕಿತ್ಕೊಳ್ಳಿ ಚೊಂಬು!"

ಕಿತ್ಕೊಂಡ್ರು. ಒಂದು ಹನಿ ಬಿದ್ದಿದ್ರೂ ಪೆಟ್ಟಿಗೆ ಕತೆ ಮುಗೀತಿತ್ತು. ಸಾಬ್ರು ಚೊಂಬು ಹಿಡ್ಕೊಂಡೇ ಅಲ್ಲೇ ಬೆಂಚಿನ ಮೇಲೆ ಕೂತ್ರು. "ಈರಕ್ಕ, ನನ್ನಿಂದ ಆಗಲ್ಲ. ನಾಳೆಗೆ ವಾರ ಮುಗಿಯುತ್ತೆ, ಇವನ್ನ ನಿನ್ನ ಹತ್ರಾನೇ ಇಟ್ಕೊ."

ಈರಕ್ಕ ಒಲೆ ಮುಂದೆ ಕೂತು ಬೂದಿ ಕೆದಕಿದ್ಲು. ಅಮ್ಮ ಬೈದ್ರೆ ಜುಂಜಣ್ಣನಿಗೆ ಅಭ್ಯಾಸ ಇತ್ತು. ಸುಮ್ನಿದ್ರೆ ಅಭ್ಯಾಸ ಇರ್ಲಿಲ್ಲ. ಪಕ್ಕದಲ್ಲಿ ಬಂದು ಕೂತ.

"ಅಮ್ಮಾ, ಬೈಯಮ್ಮ."

"ಏನಂತ ಬೈಯ್ಲೋ? ಎಲ್ಲಾ ಬೈದು ಮುಗೀತು." ಆಮೇಲೆ ಅವನ ತಲೆ ಸವರಿ ಅಂದ್ಲು, "ಸಾಬ್ರ ಕಾಲಿಗೆ ಬಿದ್ದು ಇನ್ನೊಂದು ದಿನ ಕೇಳ್ತೀನಿ. ಒಂದೇ ಮಾತು ತಿಳ್ಕೊ. ಗಾಡೀನ ಅರ್ಧ ಬಿಚ್ಚಿ ಬಿಟ್ಟು ಬಂದೆ ನೋಡು, ಅದು ತಪ್ಪು. ಯಾವ ಕೆಲಸ ಹಿಡಿದ್ರೂ ಅರ್ಧಕ್ಕೆ ಬಿಡ್ಬಾರ್ದು! ಯಾರು ಎಬ್ಬಿಸಿದ್ರೂ ಏಳ್ಬಾರ್ದು! ಕೊನೇ ತನಕ ಮುಗಿಸ್ಬೇಕು!"

"ಸರಿಯಮ್ಮ. ಇನ್ಮೇಲೆ ಹಂಗೇ ಮಾಡ್ತೀನಿ."

ಸಾಬ್ರು ಬೇಡ ಅನ್ನೋ ಮನುಷ್ಯನಾ? ಒಪ್ಕೊಂಡ್ರು.

ಶುಕ್ರವಾರ ಬೆಳಗ್ಗೆ. ತಿಮ್ರಾಯಪ್ನೋರು ಜರಿ ಶಲ್ಯ ಹೊದ್ದು ಬಂದ್ರು. ಹಿಂದೆ ಡೋಲಿನೋರು, ಶ್ರುತಿಪೆಟ್ಟಿಗೆಯೋರು. ಛತ್ರದಿಂದ ಫೋನ್ ಮೇಲೆ ಫೋನು. "ಮಾವಾ, ಎಲ್ಲಿದ್ದೀಯಾ? ನೀನು ಬರೋ ತನಕ ಕೋಣೆ ಬಿಟ್ಟು ಬರಲ್ಲ ನಾನು!" ಅಂತ ಮದುವೆ ಹುಡುಗಿ.

ಸಾಬ್ರು ಪೆಟ್ಟಿಗೇನ ವಾಪಸ್ ಸೀಟಿನ ಕೆಳಗೆ ಕೂರಿಸಿ, ಎರಡಕ್ಕೂ ಒಂದೇ ಸಾಫ್ಟ್‌ವೇರ್ ಹಾಕಿ ಮುಗಿಸಿದ್ರು. ಲ್ಯಾಪ್‌ಟಾಪ್ ಮೇಲೆ ಹಸಿರು ಗೆರೆ ಬಂತು. "ಅತ್ತೆ ಸೊಸೆ ಒಂದಾದ್ರು!" ಅಂತ ಸಾಬ್ರು ನಕ್ರು. "ಇನ್ನೊಂದೇ ಕೆಲಸ. ಹೊಸಾ ಸಾಫ್ಟ್‌ವೇರ್ ಹಾಕಿದ್ದಕ್ಕೆ ಗಾಡಿ ಕೀನೇ ಮರೆತುಬಿಟ್ಟಿದೆ. ಇದಕ್ಕೆ ಈಗ ಕೀ ಕಲಿಸ್ಬೇಕು."

"ಮೇಸ್ತ್ರೀ!" ಜುಂಜಣ್ಣ ಮುಂದೆ ಬಂದ. ಮುಖ ಅರಳಿತ್ತು. ಆ ವಾರದಲ್ಲಿ ಮೊದಲ ಸಲ ಅವನಿಗೆ ಗೊತ್ತಿರೋ ಕೆಲಸ ಬಂದಿತ್ತು! "ಮೇಸ್ತ್ರೀ, ಅದು ನಂಗೆ ಬರುತ್ತೆ. ನಾನ್ ಕಲಿಸ್ತೀನಿ!"

ಸಾಬ್ರು ಕೇಳಿಸ್ಕೊಳ್ಲಿಲ್ಲ. ಕೀ ಹಿಡ್ಕೊಂಡು ಕಾರೊಳಗೆ ಕೂತು ಲ್ಯಾಪ್‌ಟಾಪಲ್ಲಿ ಗುಂಡಿ ಒತ್ತಾ ಇದ್ರು.

ಜುಂಜಣ್ಣ ಓಡಿದ. ಇವತ್ತಿನ ತಿಂಡಿ ಏನು ಅಂತ ಅಮ್ಮ ಬರೆಸಿ ನೇತಾಕಿದ್ದ ಕಪ್ಪು ಹಲಗೆ ಕಿತ್ಕೊಂಡ. ಇಡ್ಲಿ ಒರೆಸಿದ, ವಡೆ ಒರೆಸಿದ, ಸೀಮೆಸುಣ್ಣ ಹಿಡ್ಕೊಂಡು ಬಂದು ಕಾರಿನ ಮೂತಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.

"ಎಲ್ಲಿ, ನನ್ ಜೊತೆ ಹೇಳು. ಕ!"

ಗಾಡಿ ಸುಮ್ನಿತ್ತು.

"ನಾಚ್ಕೋಬೇಡ. ಕಾ! ಗಟ್ಟಿಯಾಗಿ! ಕಿ!"

ಒಳಗೆ ಸಾಬ್ರು ಕೊನೇ ಗುಂಡಿ ಒತ್ತಿದ್ರು.

"ಕೀ!" ಅಂದ ಜುಂಜಣ್ಣ.

ಟಿಣ್ ಟಿಣ್! ನಾಕೂ ಬಾಗಿಲು ಬಿಟ್ಕೊಂಡ್ವು. ದೀಪ ಹತ್ತಿ ಆರಿದ್ವು.

"ಕಲೀತು!" ಅಂತ ಒಳಗಿಂದ ಸಾಬ್ರು ಕೂಗಿದ್ರು.

"ಕಲೀತು!" ಅಂತ ಹೊರಗಿಂದ ಜುಂಜಣ್ಣ ಕೂಗಿದ.

ತಿಮ್ರಾಯಪ್ನೋರು ಸಾಬ್ರನ್ನ ತಬ್ಕೊಂಡ್ರು. ಹತ್ರ ಹೋಗಿ ನೋಡಿದ್ರು, ಟಿಣ್, ಬಿಡ್ತು. ದೂರ ಹೋಗಿ ನೋಡಿದ್ರು, ಟಿಣ್, ಹಾಕ್ಕೊಳ್ತು. ಒಂದು ಸಲಾನೂ ತಪ್ಪಲಿಲ್ಲ. ಡೋಲು ಹತ್ತಿಸಿದ್ರು, ಶ್ರುತಿಪೆಟ್ಟಿಗೆ ಹತ್ತಿಸಿದ್ರು, ಎಲ್ಲಾ ಹತ್ತಿ ಕೂತ್ರು. ಗಾಡಿ ಶುರು ಮಾಡಿದ್ರೆ ಮುಂದೆ ಜುಂಜಣ್ಣ!

"ಏಳಪ್ಪಾ, ಮುಹೂರ್ತ ಆಗುತ್ತೆ!"

"ಏಳಲ್ಲ! ಕು! ಕೂ!"

"ಲೋ, ಗಾಡಿ ಕೀ ಕಲಿತಾಯ್ತು ಕಣೋ!" ಅಂದ್ರು ಸಾಬ್ರು.

"ಕೀ ಬಂತು ಮೇಸ್ತ್ರಿ! ಕು ಬರ್ಬೇಕಲ್ಲ? ಕೂ ಬರ್ಬೇಕಲ್ಲ? ಕಲಿಯೋ ಹುಮ್ಮಸ್ಸಲ್ಲಿದೆ, ಅರ್ಧಕ್ಕೇ ಶಾಲೆ ಬಿಡಿಸ್ಬೇಡಿ!"

ಡೋಲಿನೋರು ಕಾಲು ಹಿಡಿದ್ರು, ಶ್ರುತಿಪೆಟ್ಟಿಗೆಯೋರು ತೋಳು ಹಿಡಿದ್ರು, ಹಲಗೆ ಸಮೇತ ಎತ್ತಿ ಪಕ್ಕಕ್ಕೆ ಇಟ್ರು. ಕಾರು ಬುರ್ರಂತ ಹೊರಟ್ತು. ಜುಂಜಣ್ಣ ಹಲಗೆ ಎತ್ಕೊಂಡು ಹಿಂದೆ ಓಡಿದ. "ಕೃ! ಕೆ! ಕೇ! ಕೈ!" ಅವನ ಹಿಂದೆ ಈರಕ್ಕ, "ನಿಂತ್ಕೊಳೋ ಮಗಾ!" ಅಂತ. ಅವಳ ಹಿಂದೆ ಸಾಬ್ರ ಸ್ಕೂಟರ್.

ಛತ್ರದಲ್ಲಿ ಹುಡುಗಿ ನಗ್ತಾ ಮಂಟಪಕ್ಕೆ ಬಂದ್ಲು. ತಿಮ್ರಾಯಪ್ನೋರು ಆ ದಿನ ಹೆಂಗೆ ನುಡಿಸಿದ್ರು ಅಂದ್ರೆ, ಅಡುಗೆಯೋರು ಸೌಟು ಇಡೋದಿರಲಿ, ಒಲೇನೇ ಮರೆತ್ರಂತೆ. ತಾಳಿ ಬಿತ್ತು, ಅಕ್ಷತೆ ಬಿತ್ತು, ಹುಡುಗಿ ಮಾವನ ಕಾಲಿಗೆ ಬಿದ್ಲು. ಗಟ್ಟಿಮೇಳ ನಿಂತು ಎಲ್ಲಾ ಕಣ್ಣೊರೆಸ್ಕೊಳೋ ಹೊತ್ತಿಗೆ, ಹೊರಗೆ ಹುಣಸೆಮರದ ಕೆಳಗಿಂದ ಏದುಸಿರಿನ ದನಿಯೊಂದು ಕೇಳಿಸ್ತು.

"ಕೌ... ಕಂ... ಕಃ!"

ಈರಕ್ಕ, ಸಾಬ್ರು ಆಗ ತಾನೇ ಬಂದು ಮುಟ್ಟಿದ್ರು. ಕಾರಿನ ಮುಂದೆ ಜುಂಜಣ್ಣ, ಮೈಯೆಲ್ಲ ಬೆವರು, ಮುಖವೆಲ್ಲ ಸೀಮೆಸುಣ್ಣ.

"ಮುಗೀತೇನೋ ನನ್ನಪ್ಪಾ?" ಅಂತ ಈರಕ್ಕ ನೆಲಕ್ಕೆ ಕುಕ್ಕರಿಸಿದ್ಲು.

"ಮುಗೀತಮ್ಮಾ! ಒಂದೂ ಬಿಡ್ಲಿಲ್ಲ!"

"ಹಂಗಾದ್ರೆ ಏಳು, ಒಳಗೆ ಊಟಕ್ಕೆ ಕರೀತಿದಾರೆ."

"ನೀವು ಹೋಗಿ ಉಣ್ರಮ್ಮ," ಅಂದ ಜುಂಜಣ್ಣ, ಅಂಗೈಲಿ ಹಲಗೆ ಒರೆಸ್ತಾ. "ಕ ಮುಗೀತು. ಈಗ ಖ."